ಸಣ್ಣ ಕಟ್ಟೆಗಳ ಅಂಚು ಕಿರಿದಾಗಿಸುವ ತಿದ್ದುಪಡಿ ಮಸೂದೆ: ಹಳ್ಳಿಯವರು ಎಲ್ಲಿ, ಹೇಗೆ ಆಕ್ಷೇಪಿಸಬೇಕು?

ಪ್ರಶ್ನೆ: ಇಲವಾಲ ಕಡೆಯವ

ಮಾನ್ಯರೇ,

ನಾನು ಮೈಸೂರು ತಾಲ್ಲೂಕಿನ ಇಲವಾಲ ಹೋಬಳಿಯ ಒಂದು ಹಳ್ಳಿಯವನು. ನಮ್ಮೂರಿನ ಕೆಳಗೆ ಹೆಚ್ಚುಕಡಿಮೆ ನಾಲ್ಕು ಎಕರೆಯ ಒಂದು ಕಟ್ಟೆ ಇದೆ. ಹುಣಸೂರು ರಸ್ತೆಯ ಎರಡೂ ಬದಿಯ ಹೊಲಗಳು ಬಡಾವಣೆಗಳಾಗುತ್ತಾ ಬಂದಂತೆ ಕಟ್ಟೆಯ ಮೇಲ್ಭಾಗದ ಹಿಡುವಳಿ ಜಮೀನುಗಳೂ ಒಂದೊಂದಾಗಿ ಕೈ ಬದಲಾಗಿವೆ. ಆದರೂ ಕಟ್ಟೆಯ ಅಂಚಿಗೆ ಇದುವರೆಗೆ ಯಾರೂ ಸೈಟಿನ ಕಲ್ಲು ನೆಟ್ಟಿಲ್ಲ. ಕೆರೆಯ ಗಡಿಯಿಂದ 30 ಮೀಟರ್ ಒಳಗೆ ಕಟ್ಟಡ ಕೂಡದು ಎಂಬ ನಿರ್ಬಂಧ 2014ರ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯಲ್ಲಿ ಇರುವುದೇ ಇದಕ್ಕೆ ಕಾರಣ ಎಂದು ನಾವು ತಿಳಿದಿದ್ದೇವೆ.

2025ರ ಆಗಸ್ಟ್‌ನ ಅಧಿವೇಶನದಲ್ಲಿ ಅಂಗೀಕಾರವಾಗಿ ರಾಜ್ಯಪಾಲರ ಅಂಕಿತಕ್ಕೆ ಹೋದ, ಆ ಕಾಯ್ದೆಯ ತಿದ್ದುಪಡಿ ಮಸೂದೆಯು ಈ ಏಕರೂಪದ ಅಂತರವನ್ನು ತೆಗೆದುಹಾಕಿ, ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಅಂತರ ನಿಗದಿ ಮಾಡುತ್ತದೆ. ನೂರು ಎಕರೆಗಿಂತ ದೊಡ್ಡ ಕೆರೆಗೆ 30 ಮೀಟರ್ ಹಾಗೆಯೇ ಉಳಿಯುತ್ತದೆ. 25ರಿಂದ 100 ಎಕರೆಯದಕ್ಕೆ 24 ಮೀಟರ್, 10ರಿಂದ 25 ಎಕರೆಯದಕ್ಕೆ 12 ಮೀಟರ್, ಒಂದರಿಂದ ಹತ್ತು ಎಕರೆಯದಕ್ಕೆ 6 ಮೀಟರ್, ಒಂದು ಎಕರೆಗಿಂತ ಕಡಿಮೆ ಇರುವುದಕ್ಕೆ ಹೆಚ್ಚೆಂದರೆ 3 ಮೀಟರ್. ಅಲ್ಲದೆ ಬಿಟ್ಟ ಅಂಚಿನಲ್ಲೂ ರಸ್ತೆ, ಸೇತುವೆ, ವಿದ್ಯುತ್ ಮಾರ್ಗ, ಒಳಚರಂಡಿ ಕೊಳವೆ, ಪಂಪ್‌ಹೌಸ್ ಮುಂತಾದ ಸಾರ್ವಜನಿಕ ಕಾಮಗಾರಿಗಳಿಗೆ ಅವಕಾಶ ಕೊಡಲಾಗಿದೆ. ನಮ್ಮ ಕಟ್ಟೆಗೆ ಇನ್ನು ಉಳಿಯುವುದು 6 ಮೀಟರ್. ಅದು ಎತ್ತಿನಗಾಡಿ ತಿರುಗಿಸುವಷ್ಟು ಜಾಗ.

ಊರಿನಲ್ಲಿ ಸಭೆ ಸೇರಿದಾಗ ಒಬ್ಬರು ರಾಜ್ಯಪಾಲರಿಗೆ ಪತ್ರ ಬರೆಯೋಣ ಎಂದರು, ಇನ್ನೊಬ್ಬರು ಹೈಕೋರ್ಟಿಗೆ ಹೋಗೋಣ ಎಂದರು, ಮತ್ತೊಬ್ಬರು ವಿಧಾನಸೌಧದಲ್ಲಿ ಆದ ಕಾನೂನನ್ನು ಹಳ್ಳಿಯಲ್ಲಿ ಕೂತು ತಡೆಯುವುದು ಆಗದ ಮಾತು ಎಂದರು. ನಮ್ಮ ಹಳ್ಳಿ ಮೈಸೂರು-ನಂಜನಗೂಡು ಸ್ಥಳೀಯ ಯೋಜನಾ ಪ್ರದೇಶದೊಳಗೆ ಬರುತ್ತದೆ. ಆ ಪ್ರದೇಶದ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಕೆರೆಯಂಚಿಗೆ ಬೇರೆ ನಿಯಮವಿದ್ದರೆ ಅದು ಈ ತಿದ್ದುಪಡಿಯ ಮುಂದೆ ನಿಲ್ಲುತ್ತದೆಯೇ? ಈ ಹಂತದಲ್ಲಿ ಹಳ್ಳಿಯವರ ಆಕ್ಷೇಪಣೆಗೆ ಬೆಲೆ ಇರುವ ಜಾಗ ಯಾವುದು? ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ: ನಿವೃತ್ತ ಯೋಜನಾ ಸಹಾಯಕ, ಮೈಸೂರು

ನಿಮ್ಮ ಪ್ರಶ್ನೆಯ ಕೊನೆಯ ಭಾಗದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಎಲ್ಲವೂ ಅದರ ಮೇಲೆ ನಿಂತಿದೆ.

ಭೂಮಿಯ ಬಳಕೆಯನ್ನು ನಿಯಂತ್ರಿಸುವ ಮೂಲ ಕಾನೂನು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಮಹಾಯೋಜನೆ, ವಲಯ ನಿಯಮಾವಳಿ, ಬಡಾವಣೆಯ ವಿನ್ಯಾಸ ನಕ್ಷೆಯ ಮಂಜೂರಾತಿ ಎಲ್ಲವೂ ಅದರ ಅಡಿಯಲ್ಲೇ ಬರುತ್ತವೆ. ಆ ಕಾಯ್ದೆಯ ಕಲಂ 14ಎ ಪ್ರಕಾರ, ಅನುಮೋದನೆಗೊಂಡ ಮಹಾಯೋಜನೆಯಲ್ಲಿ ಒಂದು ಸರ್ವೆ ನಂಬರಿನ ಭೂ ಉಪಯೋಗವನ್ನು ಬದಲಾಯಿಸಬೇಕಾದರೂ ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು, ಪ್ರಸ್ತಾವವನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಬೇಕು, ಸಾರ್ವಜನಿಕರಿಂದ ಆಕ್ಷೇಪಣೆ ಕರೆಯಬೇಕು. ಆ ಪ್ರಕಟಣೆಗಳನ್ನು ಯಾರು ಓದುತ್ತಾರೆ ಎಂದು ನಗುವವರಿದ್ದಾರೆ. ಆದರೆ ಯೋಜನಾ ಪ್ರಾಧಿಕಾರದ ಕಚೇರಿಯಲ್ಲಿ ಕಡತ ನೋಡಿದವರಿಗೆ ಗೊತ್ತು, ಲಿಖಿತ ಆಕ್ಷೇಪಣೆ ಒಂದು ಬಂದಿದ್ದರೆ ಅದಕ್ಕೆ ಕಾರಣಸಹಿತವಾಗಿ ಉತ್ತರ ಬರೆಯದೆ ಕಡತ ಮುಂದೆ ಸಾಗುವುದು ಕಷ್ಟ.

ಒಬ್ಬ ಮಾಲೀಕನ ಎರಡು ಎಕರೆಯ ಭೂ ಉಪಯೋಗವನ್ನು, ಅಂದರೆ ಯೋಜನಾ ನಕ್ಷೆಯಲ್ಲಿನ ಬಣ್ಣವನ್ನು, ಬದಲಾಯಿಸಲು ಇಷ್ಟೆಲ್ಲ ಕ್ರಮ ಬೇಕಿರುವಾಗ, ರಾಜ್ಯದ ಸಣ್ಣ ಕಟ್ಟೆಗಳ ಅಂಚೆಲ್ಲವೂ ಒಂದು ತಿದ್ದುಪಡಿಯಿಂದ, ಯಾವ ಊರಿನವರಿಗೂ ನೋಟಿಸು ಹೋಗದೆ ಕಿರಿದಾಗುತ್ತದೆ. ನನ್ನ ಆಕ್ಷೇಪ ಮುಖ್ಯವಾಗಿ ಇಲ್ಲಿದೆ. ಕಾನೂನು ಮಾಡುವ ಅಧಿಕಾರ ಶಾಸನಸಭೆಗೆ ಇದೆ ಎಂಬುದರಲ್ಲಿ ತಕರಾರಿಲ್ಲ. ಆದರೆ ಸ್ಥಳದ ಇಳಿಜಾರು, ಹಳ್ಳ, ಕೋಡಿ ನೋಡಿ ನಿರ್ಧರಿಸಬೇಕಾದ ವಿಷಯವನ್ನು ಸ್ಥಳ ನೋಡುವ ಹಂತದಿಂದಲೇ ಮೇಲೆತ್ತಿದ್ದಾರೆ.

ಇನ್ನು ನಿಮ್ಮ ನಾಲ್ಕು ಎಕರೆಯ ಲೆಕ್ಕ. ಕಟ್ಟೆಯನ್ನು ದುಂಡಗೆ ಇದೆ ಎಂದು ಭಾವಿಸಿದರೆ ಅದರ ಅರ್ಧವ್ಯಾಸ ಸುಮಾರು 72 ಮೀಟರ್. ಸುತ್ತಲೂ 30 ಮೀಟರ್ ಬಿಟ್ಟಾಗ ಅಂಚಿನ ವಿಸ್ತೀರ್ಣವೇ ನಾಲ್ಕು ಎಕರೆಗೆ ಬರುತ್ತದೆ; ಅಂದರೆ ನೀರು ನಿಲ್ಲುವಷ್ಟೇ ಜಾಗ ನೀರಿನ ರಕ್ಷಣೆಗೂ ಸಿಗುತ್ತದೆ. 6 ಮೀಟರ್ ಬಿಟ್ಟರೆ ಉಳಿಯುವುದು 28 ಗುಂಟೆ. ಕಟ್ಟಡಕ್ಕೆ ತೆರೆದುಕೊಳ್ಳುವುದು ಮೂರು ಎಕರೆಗೂ ಮೇಲ್ಪಟ್ಟ, ಕೆರೆಗೆ ಮುಖ ಮಾಡಿದ ಜಮೀನು. ಮೈಸೂರಿನ ಸುತ್ತ ಕೆರೆಗೆ ಮುಖ ಮಾಡಿದ ಸೈಟಿನ ಬೆಲೆ ಏನೆಂದು ನಾನು ಹೇಳಬೇಕಾಗಿಲ್ಲ.

ಮಸೂದೆಯ ಈ ಅಂತರಗಳ ಪಟ್ಟಿಯಲ್ಲಿ ಇನ್ನೊಂದು ಸಂಗತಿ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯಾಗಲಿ, 1828ರ ಲಿಂಗಾಂಬುಧಿ ಕೆರೆಯಾಗಲಿ ನೂರು ಎಕರೆಗೂ ಮೇಲ್ಪಟ್ಟವು. ಅವುಗಳಿಗೆ 30 ಮೀಟರ್ ಹಾಗೆಯೇ ಇರುತ್ತದೆ. ಆದ್ದರಿಂದ ಕೆರೆಗಾಗಿ ಬೀದಿಗಿಳಿಯುವ ಅಭ್ಯಾಸವಿರುವ, ಪತ್ರಿಕೆಗೆ ಬರೆಯಬಲ್ಲ ನಗರದ ಜನರಿಗೆ ಈ ತಿದ್ದುಪಡಿಯ ಬಿಸಿ ತಟ್ಟುವುದೇ ಇಲ್ಲ. ತಟ್ಟುವುದು ಹೆಸರಿಲ್ಲದ ಹಳ್ಳಿಯ ಕಟ್ಟೆಗಳಿಗೆ, ಅದೂ ಬಡಾವಣೆಗಳು ಈಗ ತಲುಪುತ್ತಿರುವ ಅಂಚಿನ ಹಳ್ಳಿಗಳಲ್ಲಿ. ಇದು ಉದ್ದೇಶಪೂರ್ವಕವೋ ಕಾಕತಾಳೀಯವೋ ಎಂಬ ಚರ್ಚೆ ನನಗೆ ಬೇಡ. ಆದರೆ ವಿರೋಧಿಸುವವರು ಇದನ್ನು ಗಮನಿಸದೆ ಕುಕ್ಕರಹಳ್ಳಿಯ ಚಿತ್ರ ಹಿಡಿದು ಹೊರಟರೆ ಸರ್ಕಾರದ ಉತ್ತರ ಸಿದ್ಧವಾಗಿಯೇ ಇರುತ್ತದೆ.

ಮಹಾಯೋಜನೆಯ ಬಗ್ಗೆ: ಕೆರೆ, ಹಳ್ಳಗಳಿಗೆ ಬಿಡಬೇಕಾದ ಅಂತರವನ್ನು ವಲಯ ನಿಯಮಾವಳಿಯಲ್ಲಿ ಪ್ರತ್ಯೇಕವಾಗಿ ನಿಗದಿ ಮಾಡಬಹುದು. ಕೆರೆ ಕಾಯ್ದೆಯು ಇಷ್ಟರೊಳಗೆ ಕಟ್ಟಬೇಡಿ ಎಂದು ಹೇಳುತ್ತದೆಯೇ ಹೊರತು, ಅದರಾಚೆ ಕಟ್ಟಲೇಬೇಕು ಎಂದು ಹೇಳುವುದಿಲ್ಲ. ಆದ್ದರಿಂದ ಸ್ಥಳೀಯ ಯೋಜನೆ ಹೆಚ್ಚು ಅಂತರವನ್ನು ಕೇಳಿದರೆ ಎರಡೂ ಒಟ್ಟಿಗೆ ನಿಲ್ಲಬಲ್ಲವು ಎಂಬುದು ನನ್ನ ಅಭಿಪ್ರಾಯ. ಅಪಾಯ ಇರುವುದು ನಂತರದ ಹೆಜ್ಜೆಯಲ್ಲಿ. ಮಸೂದೆ ಕಾಯ್ದೆಯಾದ ಮೇಲೆ ನಿಯಮಾವಳಿಯನ್ನು ಅದಕ್ಕೆ ಹೊಂದಿಸಿಕೊಳ್ಳಿ ಎಂಬ ಸುತ್ತೋಲೆ ಬರಬಹುದು. ನೀವು ಕಾವಲು ಕೂರಬೇಕಾದದ್ದು ಅಲ್ಲಿ.

ಉತ್ತರ: ನಾಲೆ ಬಯಲು, ಮಂಡ್ಯ

ಮೇಲಿನವರು ಕಾನೂನಿನ ಕಡೆಯಿಂದ ಹೇಳಿದ್ದಾರೆ, ನಾನು ನೀರಿನ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ನಮ್ಮದು ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟು. ಇಲ್ಲಿ ಕಟ್ಟೆ ಎಂದರೆ ಮಳೆ ನೀರು ಮಾತ್ರ ನಿಲ್ಲುವ ಜಾಗವಲ್ಲ. ಮೇಲಿನ ಗದ್ದೆಗಳ ಬಸಿ ನೀರು ಹಳ್ಳಕ್ಕೆ ಇಳಿದು ಕೆಳಗಿನ ಕಟ್ಟೆ ಸೇರುತ್ತದೆ, ಆ ಕಟ್ಟೆಯ ತೂಬಿನಿಂದ ಇನ್ನೊಂದು ಬಯಲಿಗೆ ಹೋಗುತ್ತದೆ, ಹೆಚ್ಚಾದದ್ದು ಕೋಡಿ ಬಿದ್ದು ಅದರ ಕೆಳಗಿನ ಕೆರೆಗೆ ಸೇರುತ್ತದೆ. ನಾಲೆಗೆ ನೀರು ನಿಲ್ಲಿಸಿದ ದಿನಗಳಲ್ಲಿ ದನಕರುಗಳಿಗೆ ನೀರು ಇರುವುದೂ, ಸುತ್ತಲ ಬೋರುಗಳು ಬತ್ತದಿರುವುದೂ ಈ ಕಟ್ಟೆಗಳಿಂದ.

ಮಸೂದೆಯ ದೊಡ್ಡ ದೋಷ ಅದು ವಿಸ್ತೀರ್ಣವನ್ನು ಅಳತೆಗೋಲು ಮಾಡಿಕೊಂಡಿರುವುದು. ನೀರು ಎಷ್ಟು ಏರುತ್ತದೆ, ಯಾವ ಕಡೆ ಹರಡುತ್ತದೆ ಎಂಬುದನ್ನು ನಿರ್ಧರಿಸುವುದು ಕಟ್ಟೆಗೆ ಬರುವ ಜಲಾನಯನ ಪ್ರದೇಶದ ದೊಡ್ಡತನ, ನೆಲದ ಇಳಿಜಾರು ಮತ್ತು ಕೋಡಿಯ ಅಗಲ. ಐದು ಎಕರೆಯ ಕಟ್ಟೆಗೆ ನೂರಾರು ಎಕರೆಯ ಬಯಲಿನ ನೀರು ಬರುತ್ತಿರಬಹುದು. ಐವತ್ತು ಎಕರೆಯ ಕೆರೆಗೆ ಮೇಲಿನ ಕೆರೆ ತುಂಬಿದರೆ ಮಾತ್ರ ನೀರು ಬರುತ್ತಿರಬಹುದು. ನಿಜ ಹೇಳಬೇಕೆಂದರೆ ಸಣ್ಣ ಕಟ್ಟೆಯೇ ಬೇಗ ತುಂಬುತ್ತದೆ, ಬೇಗ ಕೋಡಿ ಬೀಳುತ್ತದೆ, ಬೇಗ ಹೂಳು ತುಂಬುತ್ತದೆ. ಅದಕ್ಕೇ ಕಡಿಮೆ ಅಂಚು ಸಾಕು ಎನ್ನುವುದು ತಲೆಕೆಳಗಾದ ಲೆಕ್ಕ.

ಏರಿಯ ಕಡೆ ಮತ್ತು ಅಂಗಳದ ಕಡೆ ಎರಡಕ್ಕೂ ಒಂದೇ ಅಂತರ ಎಂಬುದೂ ಸರಿಯಲ್ಲ. ಏರಿಯ ಹಿಂದೆ ನೀರು ಏರುವುದಿಲ್ಲ, ಜಿನುಗುತ್ತದೆ. ಅಂಗಳದ ಕಡೆ ನೆಲ ಚಪ್ಪಟೆಯಾಗಿದ್ದರೆ ನೀರು ಒಂದಡಿ ಏರಿದರೂ ಇಪ್ಪತ್ತು ಮೂವತ್ತು ಮೀಟರ್ ಹರಡುತ್ತದೆ. ಬಡಾವಣೆಯವರು ಮಣ್ಣು ತುಂಬಿಸಿ ನೆಲ ಎತ್ತರಿಸುವುದೂ ಅಲ್ಲೇ. ಆಗ ನೀರು ಹಿಂದಕ್ಕೆ ಸರಿಯುವುದಿಲ್ಲ, ಪಕ್ಕದವರ ಗದ್ದೆಗೆ ನುಗ್ಗುತ್ತದೆ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಬೆಂಗಳೂರು-ಮೈಸೂರು ಹೆದ್ದಾರಿಯೇ ಮುಳುಗಿದಾಗ, ಮಳೆ ನೀರಿಗೆ ದಾರಿ ಬಿಡದೆ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ಕಾರಿನಲ್ಲಿ ಕೂತವರೂ ನೋಡಿದರು.

ನಮ್ಮ ಜಿಲ್ಲೆಯ ಮಳವಳ್ಳಿ ತಾಲ್ಲೂಕು ದಾಸನದೊಡ್ಡಿಯ ಕಾಮೇಗೌಡರು ಕುರಿ ಮೇಯಿಸುತ್ತಾ ಬೆಟ್ಟದಲ್ಲಿ ಕಟ್ಟೆಗಳನ್ನು ತೋಡಿದರು. 2020ರಲ್ಲಿ ಪ್ರಧಾನಿಯವರೇ ತಮ್ಮ ಬಾನುಲಿ ಭಾಷಣದಲ್ಲಿ ಅವರನ್ನು ಹೊಗಳಿದರು. ಸಣ್ಣ ಕಟ್ಟೆ ತೋಡಿದವರಿಗೆ ಸನ್ಮಾನ, ಸಣ್ಣ ಕಟ್ಟೆಗೆ ಮಾತ್ರ ಮೂರು ಮೀಟರ್! ಇರಲಿ, ಇದು ಪಕ್ಕದ ಮಾತು.

ಉತ್ತರ: ಹಿಡುವಳಿದಾರ, ಮಂಡ್ಯ ತಾಲ್ಲೂಕು

ಎಲ್ಲರೂ ಒಂದೇ ಕಡೆ ಮಾತನಾಡುತ್ತಿರುವುದರಿಂದ ಇನ್ನೊಂದು ಕಡೆಯನ್ನೂ ಹೇಳಬೇಕಾಗಿದೆ. ನನ್ನ ಒಂದು ಎಕರೆ ಹತ್ತು ಗುಂಟೆ ಜಮೀನು ಕಟ್ಟೆಗೆ ಅಂಟಿಕೊಂಡಿದೆ. ಪಹಣಿ ನನ್ನ ಹೆಸರಿನಲ್ಲಿದೆ, ಕಂದಾಯ ನಾನು ಕಟ್ಟುತ್ತೇನೆ. ಮಗನಿಗೆ ಒಂದು ಮನೆ ಕಟ್ಟಲು ಹೋದರೆ 30 ಮೀಟರ್ ಎಂದು ತಡೆದರು. ಜಮೀನಿನ ಬಹುಪಾಲು ಆ 30 ಮೀಟರ್ ಒಳಗೇ ಇದೆ. ಅದಕ್ಕೆ ಪರಿಹಾರ ಎಂದು ಯಾರೂ ಒಂದು ರೂಪಾಯಿ ಕೊಟ್ಟಿಲ್ಲ. ಅದೇ ಸಮಯದಲ್ಲಿ ರಾಜಕಾಲುವೆಯ ಮೇಲೆಯೇ ಕಲ್ಯಾಣಮಂಟಪ ಎದ್ದದ್ದನ್ನು ನಮ್ಮ ಕಡೆಯವರೆಲ್ಲ ನೋಡಿದ್ದೇವೆ.

ನಿಯಮ ಬಿಗಿಯಾಗಿದ್ದಾಗ ಅದು ಬಡವನ ಮೇಲೆ ಮಾತ್ರ ಬಿಗಿಯಾಗಿರುತ್ತದೆ ಎಂಬುದು ನನ್ನ ಅನುಭವ. ಅರ್ಧ ಎಕರೆಯ ಹೊಂಡಕ್ಕೂ 30 ಮೀಟರ್, ಕೆಆರ್‌ಎಸ್ ಹಿನ್ನೀರಿನಷ್ಟು ದೊಡ್ಡ ಕೆರೆಗೂ 30 ಮೀಟರ್ ಎನ್ನುವುದು ಯಾವ ನ್ಯಾಯ? ಸರ್ಕಾರ ಅದನ್ನು ತಿದ್ದಲು ಹೊರಟರೆ ನಾನು ಏಕೆ ವಿರೋಧಿಸಬೇಕು? ಆಕ್ಷೇಪಣೆ ಬರೆಯುವವರು ನನ್ನಂಥವರಿಗೆ ಏನು ಉತ್ತರ ಎಂಬುದನ್ನೂ ಅದರಲ್ಲಿ ಬರೆಯಲಿ.

ಉತ್ತರ: ನಿವೃತ್ತ ಯೋಜನಾ ಸಹಾಯಕ, ಮೈಸೂರು

ಹಿಡುವಳಿದಾರರ ಮಾತನ್ನು ಪಕ್ಕಕ್ಕೆ ಸರಿಸುವಂತಿಲ್ಲ. ಎಲ್ಲದಕ್ಕೂ ಒಂದೇ 30 ಮೀಟರ್ ಎನ್ನುವುದು ಒರಟು ನಿಯಮವೆಂದು ನಾನೂ ಒಪ್ಪುತ್ತೇನೆ. ಆದರೆ ಒರಟು ನಿಯಮವನ್ನು ತೆಗೆದು ಅದಕ್ಕಿಂತ ಒರಟಾದ ಇನ್ನೊಂದನ್ನು ಇಡುವುದು ತಿದ್ದುಪಡಿಯಾಗದು. ಮಂಡ್ಯದವರು ಹೇಳಿದಂತೆ ಇಳಿಜಾರು ಮತ್ತು ಜಲಾನಯನ ನೋಡಿ ಪ್ರತಿ ಕೆರೆಗೂ ಅಂಚನ್ನು ಗುರುತಿಸಿದ್ದರೆ, ತಮ್ಮ ಜಮೀನು ಏರಿಯ ಹಿಂದಿದ್ದಲ್ಲಿ ತಮಗೆ 6 ಮೀಟರ್ ಕೂಡ ಸಾಕಾಗುತ್ತಿತ್ತೇನೋ. ಅಂಥ ಅಧ್ಯಯನವನ್ನು ಮಸೂದೆ ಕೇಳುವುದೇ ಇಲ್ಲ.

ಗಮನಿಸಬೇಕಾದ ಇನ್ನೊಂದು ಸಂಗತಿ, ಅಂಚಿನ ನಿರ್ಬಂಧ ಕಟ್ಟಡಕ್ಕೆ ಮಾತ್ರ, ಬೇಸಾಯಕ್ಕಲ್ಲ. ನೆಲ ನೆಲವಾಗಿಯೇ ಇರುವವರೆಗೆ ರಾಗಿ, ಭತ್ತ, ತೆಂಗು ಏನು ಬೇಕಾದರೂ ಬೆಳೆಯಬಹುದು. ನಷ್ಟವಾಗುವುದು ಸೈಟಿನ ಬೆಲೆ. ಆ ನಷ್ಟವನ್ನು ತುಂಬಿಕೊಡಲು ಯೋಜನಾ ಕಾಯ್ದೆಯಲ್ಲೇ ಅಭಿವೃದ್ಧಿ ಹಕ್ಕುಗಳ ವರ್ಗಾವಣೆ, ಅಂದರೆ ಟಿಡಿಆರ್ ಎಂಬ ವ್ಯವಸ್ಥೆ ಇದೆ. ಸಾರ್ವಜನಿಕ ಉದ್ದೇಶಕ್ಕೆ ಜಮೀನು ಬಿಟ್ಟುಕೊಟ್ಟವರಿಗೆ ಬೇರೆಡೆ ಕಟ್ಟುವ ಅಥವಾ ಮಾರುವ ಹಕ್ಕನ್ನು ಅದು ಕೊಡುತ್ತದೆ. ಕೆರೆಯಂಚಿನ ಸಣ್ಣ ಹಿಡುವಳಿದಾರರಿಗೂ ಅದು ಸಿಗುವಂತೆ ಮಾಡಿ, ವಾಸದ ಒಂದು ಮನೆಗೆ ಷರತ್ತಿನ ವಿನಾಯಿತಿ ಕೊಡಿ ಎಂದು ಕೇಳುವುದು ನ್ಯಾಯವಾದ ಬೇಡಿಕೆ. ಇಲವಾಲದವರ ಆಕ್ಷೇಪಣೆಯಲ್ಲಿ ಇದು ಸೇರಲೇಬೇಕು. ಇಲ್ಲದಿದ್ದರೆ ಊರಿನ ಹಿಡುವಳಿದಾರರು ಒಂದು ಕಡೆ, ಕಟ್ಟೆ ಉಳಿಸುವವರು ಇನ್ನೊಂದು ಕಡೆ ಎಂದು ಊರೇ ಎರಡಾಗುತ್ತದೆ. ತಿದ್ದುಪಡಿಯ ಲಾಭ ಹೋಗುವುದು ಇಬ್ಬರಿಗೂ ಅಲ್ಲ, ಮೂರು ಎಕರೆಯನ್ನು ಒಟ್ಟಿಗೆ ಕೊಳ್ಳಬಲ್ಲವರಿಗೆ.

ಕೊಳ್ಳುವುದು ಈಗ ಸುಲಭವೂ ಆಗಿದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ ಕಲಂ 79ಎ, 79ಬಿ, 79ಸಿ ತೆಗೆದುಹಾಕಿದ ಮೇಲೆ ಕೃಷಿಕನಲ್ಲದವನೂ, ಆದಾಯ ಎಷ್ಟೇ ಇದ್ದವನೂ ಕೃಷಿ ಜಮೀನು ಕೊಳ್ಳಬಹುದು. ಮೊದಲು ಕೊಳ್ಳುವವರಿಗೆ ಇದ್ದ ತಡೆ ಹೋಯಿತು, ಈಗ ಕಟ್ಟುವವರಿಗೆ ಇದ್ದ ತಡೆ ಸಡಿಲವಾಗುತ್ತಿದೆ. ಎರಡನ್ನೂ ಜೊತೆಯಾಗಿಟ್ಟು ನೋಡದಿದ್ದರೆ ಈ ಮಸೂದೆ ತೀರ ಸಣ್ಣ ವಿಷಯದಂತೆ ಕಾಣುತ್ತದೆ.

ಉತ್ತರ: ವಕೀಲ, ಮೈಸೂರು

ಎಲ್ಲಿ ಆಕ್ಷೇಪಿಸಬೇಕು ಎಂಬ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ.

ಮಸೂದೆ ಅಂಕಿತಕ್ಕೆ ಹೋಗಿರುವ ಹಂತದಲ್ಲಿ ರಾಜ್ಯಪಾಲರಿಗೆ ಮನವಿ ಸಲ್ಲಿಸುವುದು ವ್ಯರ್ಥವಲ್ಲ. ಸಂವಿಧಾನದ 200ನೇ ವಿಧಿಯಂತೆ ಅವರು ಮಸೂದೆಯನ್ನು ಸಂದೇಶದೊಂದಿಗೆ ಮರುಪರಿಶೀಲನೆಗೆ ಹಿಂದಿರುಗಿಸಬಹುದು. ಸದನಗಳು ಅದನ್ನು ಮತ್ತೆ ಅಂಗೀಕರಿಸಿ ಕಳುಹಿಸಿದರೆ ಮಾತ್ರ ಅಂಕಿತ ತಡೆಹಿಡಿಯುವಂತಿಲ್ಲ. ಹಾಗಾಗಿ ಮನವಿಯ ಒಂದು ಪ್ರತಿ ನಿಮ್ಮ ಕ್ಷೇತ್ರದ ಶಾಸಕರಿಗೂ ಹೋಗಬೇಕು. ಎರಡನೇ ಸುತ್ತು ನಡೆದರೆ ಮಾತನಾಡಬೇಕಾದವರು ಅವರೇ. ಮನವಿಯಲ್ಲಿ ಪರಿಸರ ಉಳಿಸಿ ಎಂಬ ಸಾಮಾನ್ಯ ಮಾತು ಬೇಡ. ಮೇಲೆ ಬಂದಿರುವ ನಾಲ್ಕು ಎಕರೆ ಮತ್ತು 28 ಗುಂಟೆಯ ಲೆಕ್ಕವನ್ನು ನಿಮ್ಮ ಕಟ್ಟೆಯ ಸರ್ವೆ ನಂಬರಿನೊಂದಿಗೆ, ನಕ್ಷೆ ಲಗತ್ತಿಸಿ ಕೊಡಿ.

ನ್ಯಾಯಾಲಯದ ವಿಷಯದಲ್ಲಿ ಎಚ್ಚರಿಕೆ ಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಬೆಂಗಳೂರಿನ ಕೆರೆಗಳಿಗೆ 75 ಮೀಟರ್ ಅಂಚನ್ನು ನಿಗದಿ ಮಾಡಿತ್ತು. ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಅದನ್ನು ರದ್ದು ಮಾಡಿತು. ಶಾಸನಬದ್ಧ ಮಹಾಯೋಜನೆಯಲ್ಲಿ ನಿಗದಿಯಾಗಿರುವ ಅಂತರವನ್ನು ನ್ಯಾಯಮಂಡಳಿ ಬದಲಾಯಿಸುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು. ಪರಿಸರವಾದಿಗಳು ಇದನ್ನು ಸೋಲು ಎಂದೇ ಕಂಡರು. ಆದರೆ ಈ ತೀರ್ಪನ್ನು ಇನ್ನೊಂದು ಬದಿಯಿಂದ ಓದಿದರೆ ನಿಮಗೆ ಉಪಯೋಗವಿದೆ: ಅಂಚಿನ ಗೆರೆಗೆ ಬಲ ಬರುವುದು ಶಾಸನ ಮತ್ತು ಯೋಜನೆಯಿಂದ. ಕಾಯ್ದೆಯಲ್ಲಿ ಆ ಗೆರೆ ತೆಳುವಾದರೆ ನ್ಯಾಯಾಲಯ ಅದನ್ನು ದಪ್ಪ ಮಾಡಿಕೊಡುತ್ತದೆ ಎಂದು ನಂಬಿ ಕೂರುವಂತಿಲ್ಲ. ಅದೇ ಗೆರೆ ಮಹಾಯೋಜನೆಯಲ್ಲಿ ಗಟ್ಟಿಯಾಗಿ ಉಳಿದಿದ್ದರೆ ಅದನ್ನು ಸುಲಭವಾಗಿ ಅಳಿಸುವಂತೆಯೂ ಇಲ್ಲ. ಕೆರೆ, ಗೋಮಾಳದಂಥ ಊರೊಟ್ಟಿನ ಜಾಗಗಳನ್ನು ಕಬಳಿಸಿದವರ ಪರವಾಗಿ ಸಕ್ರಮ ಮಾಡಬಾರದು ಎಂದು ಸುಪ್ರೀಂ ಕೋರ್ಟ್ 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಆದರೆ ಅದು ಕಟ್ಟೆಯ ಒಡಲಿಗೆ ಅನ್ವಯಿಸುತ್ತದೆ, ಪಕ್ಕದ ಹಿಡುವಳಿ ಜಮೀನಿಗೆ ಅಲ್ಲ. ಎರಡನ್ನೂ ಕಲಸಿ ಅರ್ಜಿ ಹಾಕಿದರೆ ಮೊದಲ ವಿಚಾರಣೆಯಲ್ಲೇ ಪ್ರಶ್ನೆ ಏಳುತ್ತದೆ.

ಗ್ರಾಮಸಭೆಯ ನಿರ್ಣಯವನ್ನು ಕಡೆಗಣಿಸಬೇಡಿ. ಅದು ವಿಧಾನಮಂಡಲವನ್ನು ಕಟ್ಟಿಹಾಕುವುದಿಲ್ಲ, ನಿಜ. ಆದರೆ 243ಝಡ್‌ಡಿ ವಿಧಿಯಡಿ ಜಿಲ್ಲಾ ಯೋಜನಾ ಸಮಿತಿಯು ಪಂಚಾಯಿತಿ ಮತ್ತು ನಗರ ಸಂಸ್ಥೆಗಳ ಯೋಜನೆಗಳನ್ನು ಕ್ರೋಡೀಕರಿಸುವಾಗ ನೀರು ಮುಂತಾದ ಸಂಪನ್ಮೂಲಗಳ ಹಂಚಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೆರೆಯಂಚಿಗೆ ಈಗಿರುವ ಅಂತರವನ್ನೇ ವಲಯ ನಿಯಮಾವಳಿಯಲ್ಲಿ ಉಳಿಸಬೇಕು ಎಂಬ ನಿರ್ಣಯವನ್ನು ಪಂಚಾಯಿತಿ ಈಗಲೇ ಅಂಗೀಕರಿಸಿ ಯೋಜನಾ ಪ್ರಾಧಿಕಾರಕ್ಕೆ ಕಳುಹಿಸಿದ್ದರೆ, ನಾಳೆ ನಿಯಮಾವಳಿ ಬದಲಾವಣೆಗೆ ಆಕ್ಷೇಪಣೆ ಕರೆದಾಗ ನೀವು ಬರಿಗೈಯಲ್ಲಿ ನಿಲ್ಲಬೇಕಾಗಿಲ್ಲ.

ಮರುಪ್ರಶ್ನೆ: ಇಲವಾಲ ಕಡೆಯವ

ಎಲ್ಲರಿಗೂ ಧನ್ಯವಾದಗಳು. ಹಿಡುವಳಿದಾರರ ಬೇಡಿಕೆಯನ್ನು ನಿರ್ಣಯದಲ್ಲಿ ಸೇರಿಸಲು ಊರಿನವರು ಒಪ್ಪಿದ್ದಾರೆ. ಮೇಲ್ಭಾಗದಲ್ಲಿ ಜಮೀನು ಉಳಿಸಿಕೊಂಡಿರುವ ಇಬ್ಬರು ರೈತರೂ ಹಾಗಾದರೆ ಸಹಿ ಹಾಕುತ್ತೇವೆ ಎಂದಿದ್ದಾರೆ. ಒಂದು ಸಂದೇಹ ಮಾತ್ರ ಉಳಿದಿದೆ. 30 ಆಗಲಿ 6 ಆಗಲಿ, ಮೀಟರ್ ಲೆಕ್ಕವನ್ನು ಎಲ್ಲಿಂದ ಹಿಡಿಯುತ್ತಾರೆ? ನಮ್ಮ ಕಟ್ಟೆಯ ಅಂಗಳದಲ್ಲಿ ಹೂಳು ತುಂಬಿ ಬೇಸಿಗೆಯಲ್ಲಿ ನೀರು ಎರಡು ಎಕರೆಗೆ ಇಳಿಯುತ್ತದೆ.

ಉತ್ತರ: ನಿವೃತ್ತ ಯೋಜನಾ ಸಹಾಯಕ, ಮೈಸೂರು

ನೀರು ನಿಂತಿರುವ ಜಾಗದಿಂದಲ್ಲ, ಕಂದಾಯ ದಾಖಲೆಯಲ್ಲಿರುವ ಕೆರೆಯ ಗಡಿಯಿಂದ. ಗ್ರಾಮ ನಕ್ಷೆಯಲ್ಲಿ ಕಟ್ಟೆಗೆ ಎಷ್ಟು ವಿಸ್ತೀರ್ಣ ತೋರಿಸಿದ್ದಾರೆ, ಅದರಲ್ಲಿ ಖರಾಬು (ಬೇಸಾಯಕ್ಕೆ ಬಾರದ್ದೆಂದು ಬಿಟ್ಟ ಜಾಗ) ಎಷ್ಟು ಎಂಬುದನ್ನು ಮೊದಲು ತೆಗೆಸಿ. ಸರ್ಕಾರದ ಭೂ ನಕ್ಷೆಯ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರು ಮತ್ತು ಸುಮಾರು ಗಡಿ ಕಾಣುತ್ತದೆ, ಆದರೆ ಅದು ದಾಖಲೆಯಾಗುವುದಿಲ್ಲ. ತಹಶೀಲ್ದಾರರಿಗೆ ಕಟ್ಟೆಯ ಅಳತೆ ಮಾಡಿಸಿ ಗಡಿ ಗುರುತಿಸಲು ಪಂಚಾಯಿತಿಯಿಂದಲೇ ಪತ್ರ ಹೋಗಲಿ. ಹಿಂದೆ ಎಂದಾದರೂ ಸರ್ವೆ ಆಗಿದ್ದರೆ ಆ ನಕ್ಷೆಯನ್ನು ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು.

ಈ ಕೆಲಸವನ್ನು ಮಸೂದೆಯ ಫಲಿತಾಂಶಕ್ಕೆ ಕಾಯದೆ ಮಾಡಿ. ಹೂಳು ತುಂಬಿದ ಎರಡು ಎಕರೆಯನ್ನು ಯಾರಾದರೂ ತಮ್ಮ ಸರ್ವೆ ನಂಬರಿಗೆ ಸೇರಿಸಿಕೊಂಡು ಬೇಲಿ ಹಾಕಿಬಿಟ್ಟರೆ ಅಂಚಿನ ಲೆಕ್ಕವೂ ಆ ಬೇಲಿಯಿಂದಲೇ ಶುರುವಾಗುತ್ತದೆ. ಅಳತೆಯ ದಿನ ಮೇಲ್ಭಾಗದ ಜಮೀನುದಾರರನ್ನೂ ಕರೆದು, ಅವರ ಎದುರಿಗೇ ಕಲ್ಲು ನೆಡಿಸಿ, ಪಂಚನಾಮೆಗೆ ಅವರ ಸಹಿ ಪಡೆಯಿರಿ.